ಜನ ಹೆಚ್ಚಿದರು, ಮಕ್ಕಳು ಕಡಿಮೆಯಾದರು: ಒಂದು ಶಾಲಾ ಕಟ್ಟಡದ ಪ್ರಕರಣ

ಇದು ಒಂದು ಊರಿನ ಶಾಲಾ ಸಮಿತಿ ಸಾಲ ಮಾಡಿ ಹೊಸ ಕಟ್ಟಡ ಕಟ್ಟಬೇಕಾ ಬೇಡವಾ ಅಂತ ಒದ್ದಾಡಿದ ಕಥೆ. ಊರಿನ ಹೆಸರು, ಜನರ ಹೆಸರು, ಹಣದ ಮೊತ್ತ ಯಾವುದನ್ನೂ ಇಲ್ಲಿ ಹೇಳುವುದಿಲ್ಲ. ಸಂಖ್ಯೆಗಳನ್ನೂ ನೂರರ ಲೆಕ್ಕಕ್ಕೆ ಇಳಿಸಿದ್ದೇನೆ. ಅಂದರೆ ಮೊದಲ ವರ್ಷದ್ದು 100 ಅಂತ ಇಟ್ಟುಕೊಂಡು, ಆಮೇಲಿನದ್ದು ಎಷ್ಟಾಯಿತು ಅಂತ ಹೇಳುತ್ತೇನೆ. ನಾನು ಆ ಸಮಿತಿಯಲ್ಲಿ ಹೊರಗಿನ ಸದಸ್ಯನಾಗಿದ್ದೆ. ಅರ್ಥಶಾಸ್ತ್ರ ಓದಿದವನು ಒಬ್ಬ ಇರಲಿ ಅಂತ ಕರೆದಿದ್ದರು.

ಇದನ್ನು ಬರೆಯೋಕೆ ಕಾರಣ ಇದೆ. ಜನಸಂಖ್ಯೆ ಅಂದ ಕೂಡಲೇ ನಾವೆಲ್ಲ ಒಂದೇ ಒಂದು ಸಂಖ್ಯೆ ನೋಡುತ್ತೇವೆ, ಒಟ್ಟು ಎಷ್ಟು ಜನ ಅಂತ. ಆ ಒಂದು ಸಂಖ್ಯೆಯನ್ನು ನಂಬಿಕೊಂಡು ಇಪ್ಪತ್ತು ವರ್ಷದ ಸಾಲಕ್ಕೆ ಸಹಿ ಹಾಕೋಕೆ ನಾವು ಎಷ್ಟು ಹತ್ತಿರ ಬಂದಿದ್ದೆವು ಅನ್ನೋದು ನನಗೆ ಇವತ್ತಿಗೂ ಕಾಡುತ್ತದೆ.

ಊರು ಹೇಗಿತ್ತು

ಇಪ್ಪತ್ತೈದು ವರ್ಷಗಳಲ್ಲಿ ಆ ಊರಿನ ಬದುಕು ತುಂಬ ಬದಲಾಗಿತ್ತು. ರಸ್ತೆ ಬಂತು, ಕೆಲಸ ಕೊಡುವ ಘಟಕಗಳು ಬಂದವು, ಹೆಣ್ಣುಮಕ್ಕಳು ಓದಿ ಸಂಬಳದ ಕೆಲಸಕ್ಕೆ ಹೋಗತೊಡಗಿದರು. ಆಸ್ಪತ್ರೆಯಲ್ಲಿ ಹೆರಿಗೆ ಆಗುವುದು ಮಾಮೂಲಾಯಿತು. ಮನೆಗಳ ಆದಾಯ ಏರಿತು. ಎರಡು ಜನಗಣತಿಗಳ ನಡುವಿನ ಹತ್ತು ವರ್ಷದಲ್ಲಿ ಊರಿನ ಜನಸಂಖ್ಯೆ 100 ಇದ್ದದ್ದು 118 ಆಗಿತ್ತು.

ಶಾಲೆಯ ಕಟ್ಟಡ ಮಾತ್ರ ಹಳೆಯದು. ಒಂದು ಬೆಂಚಿನಲ್ಲಿ ನಾಲ್ಕು ಮಕ್ಕಳು ಒತ್ತಿಕೊಂಡು ಕೂರುತ್ತಿದ್ದ ಕಾಲದ್ದು. ಮೇಲಿನ ತರಗತಿಗಳಲ್ಲಿ ಜಾಗ ಸಾಲುತ್ತಿರಲಿಲ್ಲ. ಅದೇ ಹೊತ್ತಿಗೆ ಕಡಿಮೆ ಬಡ್ಡಿಗೆ ಕಟ್ಟಡದ ಸಾಲ ಸಿಗುವ ಅವಕಾಶ ಬಂತು. ತೀರಿಸೋಕೆ ಇಪ್ಪತ್ತು ವರ್ಷ. ಸಮಿತಿಯಲ್ಲಿ ಖುಷಿಯೋ ಖುಷಿ.

ಎಂಜಿನಿಯರ್ ಒಂದು ನಕ್ಷೆ ತಂದರು. ಹತ್ತು ವರ್ಷದಲ್ಲಿ ನೂರಕ್ಕೆ ಹದಿನೆಂಟು ಏರಿದೆ, ಮುಂದಿನ ಹತ್ತು ವರ್ಷವೂ ಹಾಗೇ ಏರಿದರೆ 139 ಆಗುತ್ತದೆ, ಅದಕ್ಕೆ ತಕ್ಕ ಹಾಗೆ ಕೊಠಡಿ ಬೇಕು, ಈಗಿನ ಇಕ್ಕಟ್ಟನ್ನೂ ಸೇರಿಸಿದರೆ ಸುಮಾರು ಈಗಿರುವುದರ ಒಂದೂವರೆ ಪಟ್ಟು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಎಲ್ಲರೂ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ.

ಒಂದೂವರೆ ಪುಟ

ತಡೆದದ್ದು ಕಚೇರಿಯಲ್ಲಿ ದಾಖಲಾತಿ ಪುಸ್ತಕ ನೋಡಿಕೊಳ್ಳುತ್ತಿದ್ದ ಒಬ್ಬ ಮೇಡಂ. ಅವರು ಸಮಿತಿಯ ಸದಸ್ಯರೂ ಅಲ್ಲ. ಕಾಗದ ಕೊಡೋಕೆ ಒಳಗೆ ಬಂದವರು ಬಾಗಿಲ ಹತ್ತಿರ ನಿಂತು ಹೇಳಿದರು: "ಸರ್, ಒಂದನೇ ಕ್ಲಾಸಿನ ಹೆಸರು ಬರೆಯೋಕೆ ಮೊದಲು ಎರಡು ಪುಟ ಬೇಕಾಗುತ್ತಿತ್ತು. ಈಗ ಒಂದೂವರೆ ಪುಟಕ್ಕೇ ನಿಲ್ಲುತ್ತೆ."

ಅವತ್ತು ಯಾರೂ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಊರಲ್ಲಿ ಎಲ್ಲಿ ನೋಡಿದರೂ ಜನ, ಮಕ್ಕಳು ಹೇಗೆ ಕಡಿಮೆಯಾಗುತ್ತಾರೆ? ಆದರೂ ಅಧ್ಯಕ್ಷರು ಪುಸ್ತಕ ತರಿಸಿದರು. ಎಂಟು ವರ್ಷದ ಪುಟ ತಿರುಗಿಸಿದೆವು. ಒಂದನೇ ತರಗತಿಗೆ ಸೇರುವವರು 100ರಿಂದ 80ಕ್ಕೆ ಇಳಿದಿದ್ದರು. ಒಂದೇ ವರ್ಷದಲ್ಲಿ ಕುಸಿದದ್ದಲ್ಲ, ಪ್ರತಿ ವರ್ಷ ಸ್ವಲ್ಪ ಸ್ವಲ್ಪ. ಹಾಗಾಗಿಯೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಲಿನ ತರಗತಿಗಳಲ್ಲಿ ಇನ್ನೂ ಹಳೆಯ ದೊಡ್ಡ ತಂಡಗಳಿದ್ದವು, ನಮಗೆ ಕಾಣುತ್ತಿದ್ದ ನೂಕುನುಗ್ಗಲು ಅವರದ್ದು.

ಮೊದಲು ಮಾಡಿದ್ದು

ನಮ್ಮ ಮೊದಲ ಊಹೆ, ಮಕ್ಕಳು ಬೇರೆ ಶಾಲೆಗೆ ಹೋಗುತ್ತಿದ್ದಾರೆ ಅನ್ನೋದು. ಅದು ಸಹಜವಾದ ಊಹೆಯೇ. ಮನೆಗಳ ಆದಾಯ ಏರಿದಾಗ ಪೋಷಕರು ಇನ್ನೂ ಚೆನ್ನಾಗಿರುವ ಶಾಲೆ ಹುಡುಕುತ್ತಾರೆ. ಹಾಗಾಗಿ ಮನೆ ಮನೆಗೆ ಹೋಗಿ ಕರೆದೆವು, ದೂರದ ಬಡಾವಣೆಗಳಿಗೆ ವಾಹನ ಹಾಕಿದೆವು, ಗೋಡೆಗೆ ಬಣ್ಣ ಹೊಡೆಸಿದೆವು. ಒಂದಿಡೀ ವರ್ಷ ಅದರಲ್ಲೇ ಹೋಯಿತು.

ಮುಂದಿನ ವರ್ಷ ಒಂದನೇ ತರಗತಿಗೆ ಕೆಲವು ಮಕ್ಕಳು ಜಾಸ್ತಿ ಬಂದರು. ನಮಗೆ ಸಂತೋಷ. ಆಮೇಲೆ ಪಕ್ಕದ ಶಾಲೆಯವರು ಸಿಕ್ಕಾಗ ಗೊತ್ತಾಯಿತು, ಅವರಲ್ಲಿ ಸರಿಯಾಗಿ ಅಷ್ಟೇ ಕಡಿಮೆಯಾಗಿತ್ತು. ನಾವು ಮಕ್ಕಳನ್ನು ಹುಡುಕಿ ತಂದಿರಲಿಲ್ಲ, ಅಲ್ಲಿಂದ ಇಲ್ಲಿಗೆ ಸರಿಸಿದ್ದೆವು ಅಷ್ಟೇ. ಎರಡೂ ಶಾಲೆ ಸೇರಿಸಿ ನೋಡಿದರೆ ಇಳಿಕೆ ಹಾಗೇ ಇತ್ತು.

ಆಗ ಅದೇ ಮೇಡಂ ಮತ್ತೊಂದು ಮಾತು ಹೇಳಿದರು. "ಜನನ ನೋಂದಣಿ ಪುಸ್ತಕ ನೋಡಿದರೆ ಆಯ್ತಲ್ವಾ ಸರ್? ಒಂದನೇ ಕ್ಲಾಸಿಗೆ ಬರೋರು ಆರು ವರ್ಷದ ಹಿಂದೆ ಹುಟ್ಟಿರಬೇಕು."

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅರ್ಥಶಾಸ್ತ್ರದಲ್ಲಿ ಮುಂದೇನಾಗುತ್ತದೆ ಅಂತ ಹೇಳುವುದು ಬಹಳ ಕಷ್ಟ. ಬೆಲೆ ಎಷ್ಟಾಗುತ್ತೆ, ಬಡ್ಡಿ ಎಷ್ಟಾಗುತ್ತೆ, ಯಾರಿಗೂ ಖಾತ್ರಿಯಿಲ್ಲ. ಆದರೆ ಆರು ವರ್ಷದ ನಂತರ ಶಾಲೆಗೆ ಬರಬಹುದಾದ ಮಕ್ಕಳು ಎಷ್ಟು ಅನ್ನೋದು ಈಗಲೇ ಬರೆದಿಟ್ಟಿದೆ, ಯಾಕೆಂದರೆ ಅವರು ಆಗಲೇ ಹುಟ್ಟಿದ್ದಾರೆ. ನಾವು ಅದನ್ನು ಬಿಟ್ಟು ಒಟ್ಟು ಜನಸಂಖ್ಯೆಯ ಗೆರೆ ಎಳೆಯುತ್ತಾ ಕೂತಿದ್ದೆವು.

ನೋಂದಣಿ ಪುಸ್ತಕದಲ್ಲಿ ಹನ್ನೆರಡು ವರ್ಷದಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ 100ರಿಂದ 68ಕ್ಕೆ ಬಂದಿತ್ತು. ಈಗ 80 ಇರುವ ನಮ್ಮ ಒಂದನೇ ತರಗತಿ, ಆರು ವರ್ಷದಲ್ಲಿ 66ರ ಹತ್ತಿರ ಇಳಿಯಬೇಕು. ಒಂದೂವರೆ ಪಟ್ಟು ಕಟ್ಟಡ ಕಟ್ಟಿದ್ದರೆ ಅದರ ಅರ್ಧಕ್ಕಿಂತ ಜಾಸ್ತಿ ಜಾಗ ಖಾಲಿ ಬೀಳುತ್ತಿತ್ತು, ಕಂತು ಮಾತ್ರ ಪೂರ್ತಿ ಕಟ್ಟಬೇಕಿತ್ತು.

ಹಾಗಾದರೆ ಜನ ಹೆಚ್ಚಿದ್ದು ಹೇಗೆ?

ಸಭೆಯಲ್ಲಿ ಎಲ್ಲರೂ ಕೇಳಿದ್ದು ಇದನ್ನೇ. ಹುಟ್ಟುವುದು ಕಡಿಮೆಯಾಗಿ ಜನ ಜಾಸ್ತಿಯಾಗಲು ಸಾಧ್ಯವೇ?

ಸಾಧ್ಯ. ಒಂದು ಸುಲಭ ಲೆಕ್ಕ ಹಾಕೋಣ. ಹಿಂದಿನ ತಲೆಮಾರಿನಲ್ಲಿ ನೂರು ತಾಯಂದಿರು, ತಲಾ ನಾಲ್ಕು ಮಕ್ಕಳು, ಒಟ್ಟು 400. ಅವರಲ್ಲಿ ಅರ್ಧ ಹೆಣ್ಣುಮಕ್ಕಳು ಅಂದುಕೊಂಡರೆ ಮುಂದಿನ ತಲೆಮಾರಿಗೆ 200 ತಾಯಂದಿರು. ಅವರು ತಲಾ ಎರಡೇ ಹೆತ್ತರೂ ಮತ್ತೆ 400 ಮಕ್ಕಳು. ಒಂದು ಮನೆಯಲ್ಲಿ ಮಕ್ಕಳು ಅರ್ಧಕ್ಕೆ ಇಳಿದರೂ ಊರಲ್ಲಿ ಹುಟ್ಟುವವರು ಅಷ್ಟೇ ಇರುತ್ತಾರೆ. ಜೊತೆಗೆ ಅಜ್ಜ ಅಜ್ಜಿಯರು ಮೊದಲಿಗಿಂತ ಜಾಸ್ತಿ ವರ್ಷ ಬದುಕುತ್ತಾರೆ. ಒಬ್ಬೊಬ್ಬರು ಹೆರುವುದು ಕಡಿಮೆಯಾದರೂ, ತಾಯಂದಿರು ಜಾಸ್ತಿ ಇರುವುದರಿಂದ ಜನ ಏರುತ್ತಲೇ ಹೋಗುವುದನ್ನು ಜನಸಂಖ್ಯಾ ಆವೇಗ ಅನ್ನುತ್ತಾರೆ. ಓಡುವ ಬಸ್ಸು ಬ್ರೇಕ್ ಹಾಕಿದ ಮೇಲೂ ಸ್ವಲ್ಪ ದೂರ ಹೋಗಿಯೇ ನಿಲ್ಲುತ್ತದಲ್ಲ, ಹಾಗೆ. ನಮ್ಮ ಊರು ಇನ್ನೂ ಒಂದು ಹೆಜ್ಜೆ ಮುಂದಿತ್ತು. ಅಲ್ಲಿ ತಾಯಂದಿರ ಸಂಖ್ಯೆ ಏರುವುದೂ ನಿಂತಿತ್ತು, ಹಾಗಾಗಿ ಹುಟ್ಟುವವರೇ ಕಡಿಮೆಯಾಗುತ್ತಿದ್ದರು. ಆದರೂ ಹುಟ್ಟುವವರು ಸಾಯುವವರಿಗಿಂತ ಜಾಸ್ತಿ ಇದ್ದರು, ಹೊರಗಿನಿಂದ ಬಂದು ನೆಲೆಸುವವರೂ ಇದ್ದರು. ಒಟ್ಟು ಮೊತ್ತ ಏರುತ್ತಲೇ ಇತ್ತು.

ಇದು ಆ ಒಂದು ಊರಿನ ವಿಚಿತ್ರವಲ್ಲ. ಇಡೀ ಜಗತ್ತು ಇದೇ ದಾರಿಯಲ್ಲಿದೆ. 1950ರಲ್ಲಿ ಜಗತ್ತಿನಲ್ಲಿ ಸುಮಾರು 250 ಕೋಟಿ ಜನ ಇದ್ದರು, 2022ರ ನವೆಂಬರ್‌ನಲ್ಲಿ 800 ಕೋಟಿ ದಾಟಿತು ಅಂತ ವಿಶ್ವಸಂಸ್ಥೆ ಹೇಳಿತು. ಈ ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟರೆ ಎದೆ ಧಸಕ್ ಅನ್ನುತ್ತದೆ. ಆದರೆ ಏರುವ ವೇಗ 1960ರ ದಶಕದಲ್ಲೇ ವರ್ಷಕ್ಕೆ ಶೇ 2ರ ಮೇಲೆ ಹೋಗಿ ಅಲ್ಲಿಂದ ಇಳಿಯತೊಡಗಿತು, ಈಗ ಶೇ 1ಕ್ಕಿಂತ ಕಡಿಮೆ ಇದೆ. ಒಬ್ಬ ಮಹಿಳೆಗೆ ಸರಾಸರಿ ಐದು ಮಕ್ಕಳು ಇದ್ದದ್ದು ಈಗ 2.3ರ ಆಸುಪಾಸಿಗೆ ಬಂದಿದೆ. ಭಾರತದ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ದರ 2.0. ಒಂದು ತಲೆಮಾರು ತನ್ನಷ್ಟೇ ದೊಡ್ಡ ತಲೆಮಾರನ್ನು ಬಿಟ್ಟು ಹೋಗಲು 2.1 ಬೇಕು ಅಂತ ಲೆಕ್ಕ. ಅದಕ್ಕಿಂತ ಕೆಳಗೆ ಬಂದರೂ ಭಾರತದ ಜನಸಂಖ್ಯೆ ಏರುತ್ತಿದೆ, 2023ರಲ್ಲಿ ಚೀನಾವನ್ನೂ ದಾಟಿತು. ಅದೇ ಆವೇಗ.

ಮೂರು ತಲೆಮಾರಿನ ಒಂದು ಮನೆ

ಲೆಕ್ಕ ಅರ್ಥವಾಯಿತು. ಕಾರಣ ಅರ್ಥವಾಗಬೇಕಿತ್ತು. ಹಿಂದಿನ ವರ್ಷ ಮನೆ ಮನೆ ಸುತ್ತಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಒಂದು ಮನೆಗೆ ನಾನು ಮತ್ತೆ ಹೋದೆ. ಅಜ್ಜಿ, ಮಗಳು, ಮೊಮ್ಮಗಳು ಒಟ್ಟಿಗೆ ಇದ್ದ ಮನೆ.

ಅಜ್ಜಿ ಎಂಟು ಹೆತ್ತಿದ್ದರು. ಮೂರು ಮಕ್ಕಳು ಐದು ವರ್ಷ ತುಂಬುವ ಮೊದಲೇ ಹೋದವು. "ಎಷ್ಟು ಉಳೀತಾವೆ ಅಂತ ಯಾರಿಗೆ ಗೊತ್ತಿತ್ತಪ್ಪ" ಅಂದರು. ದೊಡ್ಡ ಮಕ್ಕಳು ಚಿಕ್ಕವರನ್ನು ನೋಡಿಕೊಳ್ಳುತ್ತಿದ್ದರು, ಏಳೆಂಟು ವರ್ಷಕ್ಕೇ ಕೆಲಸಕ್ಕೆ ಕೈ ಜೋಡಿಸುತ್ತಿದ್ದರು, ವಯಸ್ಸಾದ ಮೇಲೆ ಅನ್ನ ಹಾಕುವವರೂ ಅವರೇ. ಆ ಕಾಲಕ್ಕೆ ಎಂಟು ಮಕ್ಕಳು ಅನ್ನೋದು ಅಜ್ಞಾನವಲ್ಲ, ತುಂಬ ಯೋಚಿಸಿದ ಲೆಕ್ಕ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ದೊಡ್ಡ ಸಂಸಾರದ ಬಡವರನ್ನು ಬೈಯುವುದು ಬಹಳ ಜನಕ್ಕೆ ಅಭ್ಯಾಸವಾಗಿದೆ.

ಮಗಳಿಗೆ ಮೂರು ಮಕ್ಕಳು. ಮೂರೂ ಉಳಿದವು, ಮೂರೂ ಶಾಲೆಗೆ ಹೋದವು. ಮೊಮ್ಮಗಳಿಗೆ ಒಂದೇ ಮಗು, ಎರಡನೆಯದರ ಬಗ್ಗೆ ಇನ್ನೂ ಯೋಚನೆ. ಅವಳ ಸಂಬಳ ಅವಳ ಅಮ್ಮ ಕನಸಲ್ಲೂ ಕಂಡಿರದಷ್ಟು.

ಹಾಗಾದರೆ ದುಡ್ಡು ಜಾಸ್ತಿಯಾದವರು ಮಕ್ಕಳನ್ನೂ ಜಾಸ್ತಿ ಹೆರಬೇಕಲ್ವಾ? ಮನೆ, ವಾಹನ ಎಲ್ಲದಕ್ಕೂ ಹಾಗೇ ಆಗುತ್ತದೆ. ಈ ಗೊಂದಲಕ್ಕೆ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರಲ್ಲೇ ಒಂದು ದಾರಿ ತೋರಿಸಿದ್ದರು. ಆದಾಯ ಏರಿದ ಪೋಷಕರು ಮಕ್ಕಳ ಸಂಖ್ಯೆಗಿಂತ ಒಂದೊಂದು ಮಗುವಿನ ಮೇಲೆ ಹಾಕುವ ಖರ್ಚನ್ನು ಹೆಚ್ಚಿಸುತ್ತಾರೆ ಅಂತ. ಅದಕ್ಕೆ ಆಮೇಲೆ ಸೇರಿದ ಇನ್ನೊಂದು ಮಾತು, ತಾಯಿಯ ಸಮಯದ ಬೆಲೆ. ಅಜ್ಜಿ ಮಗುವಿನ ಜೊತೆ ಕೂತರೆ ಸಂಬಳ ತಪ್ಪುತ್ತಿರಲಿಲ್ಲ. ಮೊಮ್ಮಗಳು ಎರಡು ವರ್ಷ ಮನೆಯಲ್ಲಿ ಕೂತರೆ ಎರಡು ವರ್ಷದ ಸಂಬಳ ಹೋಗುತ್ತದೆ, ಬಡ್ತಿ ಹೋಗುತ್ತದೆ, ಮತ್ತೆ ಕೆಲಸ ಸಿಗುವ ಖಾತ್ರಿಯೂ ಇಲ್ಲ. ಸಂಬಳ ಏರಿದಷ್ಟೂ ಮಗು ದುಬಾರಿ.

ಮಕ್ಕಳ ಸಾವು ಕಡಿಮೆಯಾದದ್ದು ಇದೆಲ್ಲದರ ಬುಡದಲ್ಲಿದೆ. ಜಗತ್ತಿನಲ್ಲಿ 1990ರಲ್ಲಿ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ 93 ಮಕ್ಕಳು ಐದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದರು. 2022ಕ್ಕೆ ಅದು 37. ಹೆತ್ತ ಮಗು ಉಳಿಯುತ್ತದೆ ಅನ್ನೋ ನಂಬಿಕೆ ಬಂದ ಮೇಲೆ ಜನ ತಾವಾಗಿಯೇ ಕಡಿಮೆ ಹೆರುತ್ತಾರೆ. ಮೊದಲು ಸಾವು ಇಳಿಯುತ್ತದೆ, ಸ್ವಲ್ಪ ಕಾಲ ಬಿಟ್ಟು ಹುಟ್ಟು ಇಳಿಯುತ್ತದೆ, ನಡುವಿನ ಅಂತರದಲ್ಲಿ ಜನಸಂಖ್ಯೆ ಉಬ್ಬುತ್ತದೆ. ಜನಸಂಖ್ಯೆಯನ್ನು ಅಧ್ಯಯನ ಮಾಡಿದ ವಾರೆನ್ ಥಾಂಪ್ಸನ್ 1929ರಲ್ಲಿ, ಫ್ರಾಂಕ್ ನೋಟ್‌ಸ್ಟೈನ್ 1945ರಲ್ಲಿ ಈ ಹಾದಿಯನ್ನು ವಿವರಿಸಿದ್ದರು. ಆ ಉಬ್ಬಿನ ಕೊನೆಯಲ್ಲಿ ನಮ್ಮ ಊರು ನಿಂತಿತ್ತು. ನಾವು ಅದನ್ನು ಏರುಗತಿಯ ಆರಂಭ ಅಂದುಕೊಂಡಿದ್ದೆವು.

ಸಭೆ ಎರಡಾಯಿತು

ಇಷ್ಟು ಗೊತ್ತಾದ ಮೇಲೆ ಎಲ್ಲ ಸಲೀಸಾಗಬೇಕಿತ್ತು. ಆಗಲಿಲ್ಲ.

ಒಬ್ಬ ಹಿರಿಯ ಸದಸ್ಯರು ಸಂತೋಷಪಟ್ಟರು. ಅವರ ಮಾತು ನೇರ: ಬಾಯಿ ಕಡಿಮೆಯಾದರೆ ಒಬ್ಬೊಬ್ಬರ ಪಾಲು ಜಾಸ್ತಿ. ಖರ್ಚು ಉಳಿಯಿತು, ಸಾಲವೇ ಬೇಡ, ಕಟ್ಟಡದ ಮಾತು ಇಲ್ಲಿಗೆ ಬಿಡಿ. ಇನ್ನೊಬ್ಬರು ಉದ್ಯಮ ನಡೆಸುವವರು, ಅವರಿಗೆ ಗಾಬರಿ. ಮಕ್ಕಳಿಲ್ಲ ಅಂದರೆ ನಾಳೆ ಕೆಲಸಗಾರರಿಲ್ಲ, ಕೊಳ್ಳುವವರಿಲ್ಲ, ಊರೇ ಮುಗಿಯುತ್ತದೆ ಅಂದರು.

ಇವೆರಡೂ ಬಹಳ ಹಳೆಯ ವಾದಗಳು. ಮೊದಲನೆಯದನ್ನು 1798ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಥಾಮಸ್ ಮಾಲ್ಥಸ್ ಬಲವಾಗಿ ಹೇಳಿದ್ದರು. ಜನ ಗುಣಿಸುತ್ತಾ ಬೆಳೆಯುತ್ತಾರೆ, ಆಹಾರ ಕೂಡುತ್ತಾ ಬೆಳೆಯುತ್ತದೆ, ಹಾಗಾಗಿ ಕೂಲಿಯವರ ಬದುಕು ಬಹಳ ಕಾಲ ಮೇಲೇಳಲಾರದು ಅಂತ. ಅವರ ಹಿಂದಿನ ಸಾವಿರಾರು ವರ್ಷಗಳಿಗೆ ಆ ಮಾತು ಹೆಚ್ಚುಕಡಿಮೆ ಸರಿಯಾಗಿತ್ತು. ಅವರ ನಂತರ ಅದು ನಿಲ್ಲಲಿಲ್ಲ. ಅವರು ಬರೆದಾಗ ಜಗತ್ತಿನಲ್ಲಿ ನೂರು ಕೋಟಿ ಜನವೂ ಇರಲಿಲ್ಲ. ಈಗ ಎಂಟು ಪಟ್ಟು, ಆದರೂ ಸರಾಸರಿ ಆಯಸ್ಸು 73 ವರ್ಷ ದಾಟಿದೆ. 1990ರಲ್ಲಿ ಜಗತ್ತಿನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಜನ ಕಡುಬಡತನದಲ್ಲಿದ್ದರು, ಈಗ ಹತ್ತರಲ್ಲಿ ಒಬ್ಬರ ಆಸುಪಾಸು. ಪ್ರತಿ ಬಾಯಿಯ ಜೊತೆ ಎರಡು ಕೈ, ಒಂದು ತಲೆಯೂ ಬರುತ್ತದೆ ಅನ್ನೋದನ್ನು ಅವರ ಲೆಕ್ಕ ಬಿಟ್ಟಿತ್ತು.

ಹಾಗಂತ ಎರಡನೇ ವಾದವನ್ನೂ ಕಣ್ಣುಮುಚ್ಚಿ ಒಪ್ಪಲಾಗದು. 1980ರಲ್ಲಿ, ಜನ ಹೆಚ್ಚಿದರೆ ಒಳ್ಳೆಯದೇ ಅಂತ ವಾದಿಸುತ್ತಿದ್ದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಮತ್ತು ಅದು ಅಪಾಯ ಅಂತ ಎಚ್ಚರಿಸುತ್ತಿದ್ದ ಜೀವವಿಜ್ಞಾನಿ ಪಾಲ್ ಎರ್ಲಿಕ್ ಐದು ಲೋಹಗಳ ಬೆಲೆ ಮೇಲೆ ಪಂದ್ಯ ಕಟ್ಟಿದ್ದು ಬಹಳ ಜನಕ್ಕೆ ಗೊತ್ತು. ಜನ ಹೆಚ್ಚಿದರೆ ಲೋಹ ದುಬಾರಿಯಾಗುತ್ತದೆ ಅಂತ ಎರ್ಲಿಕ್, ಇಲ್ಲ ಅಂತ ಸೈಮನ್. 1990ಕ್ಕೆ ಹಣದುಬ್ಬರ ಕಳೆದು ನೋಡಿದರೆ ಬೆಲೆ ಇಳಿದಿತ್ತು, ಎರ್ಲಿಕ್ ಸೋತು ಹಣ ಕೊಟ್ಟರು. ಆದರೆ ಬೇರೆ ಬೇರೆ ಹತ್ತು ವರ್ಷಗಳನ್ನು ಹಿಡಿದು ಲೆಕ್ಕ ಹಾಕಿದವರು, ಅವುಗಳಲ್ಲಿ ಹಲವು ಸಲ ಎರ್ಲಿಕ್ಕೇ ಗೆಲ್ಲುತ್ತಿದ್ದರು ಅಂತ ತೋರಿಸಿದ್ದಾರೆ. ಒಂದು ಪಂದ್ಯದಿಂದ ಜನ ಹೆಚ್ಚಿದರೆ ಒಳ್ಳೆಯದು ಅಂತಲೂ ಕೆಟ್ಟದ್ದು ಅಂತಲೂ ತೀರ್ಮಾನ ಆಗುವುದಿಲ್ಲ.

ಸಭೆಯಲ್ಲಿ ನಾನು ಹೇಳಿದ್ದು ಇಷ್ಟು. ಇಬ್ಬರೂ ತಲೆ ಎಣಿಸುತ್ತಿದ್ದೀರಿ. ನೋಡಬೇಕಾದ್ದು ಎರಡು ವಿಷಯ: ದುಡಿಯುವವರು ಎಷ್ಟು, ಅವರನ್ನು ನಂಬಿಕೊಂಡವರು ಎಷ್ಟು ಅನ್ನೋದು ಒಂದು. ಒಬ್ಬೊಬ್ಬರ ಕೈಗೆ ಎಷ್ಟು ಕಲಿಕೆ, ಎಷ್ಟು ಸಲಕರಣೆ ಸಿಕ್ಕಿದೆ ಅನ್ನೋದು ಇನ್ನೊಂದು. ಊರಿನ ವಯಸ್ಸಿನ ಪಟ್ಟಿ ತೆಗೆದೆವು. ಹತ್ತು ವರ್ಷದ ಹಿಂದೆ ದುಡಿಯುವ ವಯಸ್ಸಿನ ನೂರು ಜನಕ್ಕೆ 70 ಮಕ್ಕಳು, 9 ಮುದುಕರು ಇದ್ದರು. ಈಗ 45 ಮಕ್ಕಳು, 15 ಮುದುಕರು. ಒಟ್ಟು ಹೊರೆ 79ರಿಂದ 60ಕ್ಕೆ ಇಳಿದಿದೆ.

ಇದೇ ಜನಸಂಖ್ಯಾ ಲಾಭಾಂಶ ಅನ್ನೋದು. ದುಡಿಯುವ ಕೈ ಜಾಸ್ತಿ, ಸಾಕಬೇಕಾದವರು ಕಡಿಮೆ ಇರುವ ಕೆಲವು ದಶಕಗಳು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಬ್ಲೂಮ್ ಮತ್ತು ಜೆಫ್ರಿ ವಿಲಿಯಮ್ಸನ್ 1998ರಲ್ಲಿ ಪೂರ್ವ ಏಷ್ಯಾದ ದೇಶಗಳನ್ನು ಅಧ್ಯಯನ ಮಾಡಿ, 1965ರಿಂದ 1990ರವರೆಗಿನ ಅವುಗಳ ಬೆಳವಣಿಗೆಯಲ್ಲಿ ಮೂರನೇ ಒಂದರಷ್ಟು ಈ ಬದಲಾವಣೆಯಿಂದ ಬಂದಿರಬಹುದು ಅಂದರು. ಆದರೆ ಅದು ತಾನಾಗಿ ಬರುವುದಿಲ್ಲ. ಆ ಕೈಗಳಿಗೆ ಓದು ಮತ್ತು ಕೆಲಸ ಸಿಗಬೇಕು. ಜೊತೆಗೆ ಆ ಕಿಟಕಿ ಮುಚ್ಚುತ್ತದೆ. ಇವತ್ತಿನ ದುಡಿಯುವವರೇ ನಾಳೆಯ ಮುದುಕರು. 1960ರ ಸುಮಾರಿಗೆ ದಕ್ಷಿಣ ಕೊರಿಯಾದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಆರು ಮಕ್ಕಳಿದ್ದರು. 2023ರಲ್ಲಿ ಅದು 0.72. ಆ ದೇಶ ಕಿಟಕಿ ತೆರೆದಿದ್ದಾಗ ಓದಿಗೆ ಹಣ ಸುರಿದು ಶ್ರೀಮಂತವಾಯಿತು, ಈಗ ಮಕ್ಕಳಿಲ್ಲದೆ ಶಾಲೆ ಮುಚ್ಚುತ್ತಿದೆ.

ಹಾಗಾಗಿ ಹಿರಿಯರು ಹೇಳಿದ ಹಾಗೆ ಉಳಿದ ಹಣವನ್ನು ಸುಮ್ನೆ ಉಳಿಸಿಕೊಂಡರೆ ನಾವು ಏನನ್ನೂ ಗಳಿಸುವುದಿಲ್ಲ, ಮಕ್ಕಳು ಕಡಿಮೆ ಇರುವ ಈ ಹೊತ್ತಿನಲ್ಲೇ ಒಂದೊಂದು ಮಗುವಿನ ಮೇಲೆ ಜಾಸ್ತಿ ಖರ್ಚು ಮಾಡಬೇಕು, ಯಾಕೆಂದರೆ ಇಪ್ಪತ್ತೈದು ವರ್ಷದ ನಂತರ ಜಾಸ್ತಿ ಮುದುಕರನ್ನು ಹೊರಬೇಕಾದವರು ಈ ಕಡಿಮೆ ಮಕ್ಕಳೇ. ಇದನ್ನು ಹೇಳುವಾಗ ನನ್ನ ಧ್ವನಿ ಸ್ವಲ್ಪ ಏರಿತ್ತು.

ಒಂದು ಮತದ ತೀರ್ಮಾನ

ಹೊಸ ಕಟ್ಟಡ ಕೈಬಿಟ್ಟೆವು. ಸಾಲವನ್ನು ಮೂರನೇ ಒಂದಕ್ಕೆ ಇಳಿಸಿ ಹಳೆಯ ಕಟ್ಟಡ ದುರಸ್ತಿ, ಪ್ರಯೋಗಾಲಯ, ಗ್ರಂಥಾಲಯ ಅಂತ ಹಂಚಿದೆವು. ಓದು ಅರ್ಧಕ್ಕೆ ಬಿಟ್ಟ ದೊಡ್ಡವರಿಗೆ ಸಂಜೆ ತರಗತಿ. ಇದಕ್ಕೆಲ್ಲ ಯಾರೂ ಹೆಚ್ಚು ವಿರೋಧಿಸಲಿಲ್ಲ.

ಜಗಳ ಆದದ್ದು ಡೇ ಕೇರ್ ವಿಷಯಕ್ಕೆ. ಮೂರು ವರ್ಷದೊಳಗಿನ ಮಕ್ಕಳನ್ನು ಹಗಲು ನೋಡಿಕೊಳ್ಳುವ ಒಂದು ಜಾಗ ಮಾಡೋಣ ಅಂತ ಪ್ರಸ್ತಾಪ ಬಂತು. ಮಕ್ಕಳೇ ಕಡಿಮೆಯಾಗುತ್ತಿರುವಾಗ ಇನ್ನೂ ಚಿಕ್ಕ ಮಕ್ಕಳಿಗೆ ಯಾಕೆ ಜಾಗ ಅಂತ ವಿರೋಧ. ನನ್ನ ಕಣ್ಣ ಮುಂದೆ ಆ ಮೊಮ್ಮಗಳಿದ್ದಳು. ಮಗು ದುಬಾರಿಯಾಗಿದ್ದು ಅವಳ ಸಮಯದಿಂದ, ಆ ಸಮಯವನ್ನು ಹಗುರ ಮಾಡಿದರೆ ಅವಳು ಕೆಲಸ ಬಿಡಬೇಕಾಗಿಲ್ಲ. ಎರಡನೇ ಮಗು ಬೇಕಾ ಬೇಡವಾ ಅನ್ನೋದು ಅವಳ ಇಷ್ಟ, ಆದರೆ ಆ ತೀರ್ಮಾನ ಹೆದರಿಕೆಯಿಂದ ಆಗಬಾರದು. ಮತಕ್ಕೆ ಹಾಕಿದಾಗ ಒಂದೇ ಮತದಲ್ಲಿ ಪಾಸಾಯಿತು.

ಆಮೇಲೆ ಏನಾಯಿತು

ಮೊದಲ ಮೂರು ವರ್ಷ ಚೆನ್ನಾಗಿತ್ತು. ಕೆಳಗಿನ ತರಗತಿಗಳಲ್ಲಿ ಮಕ್ಕಳು ಕಡಿಮೆ, ಶಿಕ್ಷಕರು ಅಷ್ಟೇ, ಹಾಗಾಗಿ ಹಿಂದುಳಿದ ಮಕ್ಕಳ ಪಕ್ಕದಲ್ಲಿ ಕೂತು ಕಲಿಸಲು ಸಮಯ ಸಿಕ್ಕಿತು. ಅರ್ಧಕ್ಕೆ ಶಾಲೆ ಬಿಡುವವರು ಕಡಿಮೆಯಾದರು, ಅದರಲ್ಲೂ ಹೆಣ್ಣುಮಕ್ಕಳು.

ಖರ್ಚಿನ ಕಡೆ ಪೆಟ್ಟು ಬಿತ್ತು. ನಮಗೆ ಬರುವ ಅನುದಾನ ಮಕ್ಕಳ ತಲೆ ಲೆಕ್ಕದಲ್ಲಿ. ಮಕ್ಕಳು ಇಳಿದರೆ ಅನುದಾನ ಇಳಿಯುತ್ತದೆ. ಆದರೆ ಹತ್ತು ಮಕ್ಕಳು ಕಡಿಮೆಯಾದರು ಅಂತ ಚಾವಣಿ ಚಿಕ್ಕದಾಗುವುದಿಲ್ಲ, ಶಿಕ್ಷಕರ ಸಂಬಳ ಇಳಿಯುವುದಿಲ್ಲ. ಒಂದು ಮಗುವಿಗೆ ಬೀಳುವ ಖರ್ಚು ಏರುತ್ತಾ ಹೋಯಿತು. ಜನ ಕಡಿಮೆಯಾದರೆ ಪಾಲು ಜಾಸ್ತಿ ಅನ್ನೋ ಮಾತು ಹಂಚಿ ತಿನ್ನುವ ವಸ್ತುಗಳಿಗೆ ಸರಿ. ಶಾಲೆ, ರಸ್ತೆ, ನೀರಿನ ಕೊಳವೆ, ಆಸ್ಪತ್ರೆ ಇವೆಲ್ಲ ಎಲ್ಲರೂ ಸೇರಿ ಹೊರುವ ಖರ್ಚು, ಹೊರುವವರು ಕಡಿಮೆಯಾದರೆ ಒಬ್ಬೊಬ್ಬರ ಭಾರ ಜಾಸ್ತಿ. ಮೂರನೇ ವರ್ಷ ಎರಡು ವಿಭಾಗಗಳನ್ನು ಒಂದು ಮಾಡಬೇಕಾಯಿತು. ತಾತ್ಕಾಲಿಕವಾಗಿದ್ದ ಒಬ್ಬ ಶಿಕ್ಷಕಿಯ ಕೆಲಸ ಹೋಯಿತು. ಅವರು ಒಳ್ಳೆಯ ಶಿಕ್ಷಕಿ. ಆ ಸಭೆ ಮುಗಿಸಿ ಯಾರೂ ಮಾತಾಡದೆ ಎದ್ದು ಹೋದೆವು.

ನಾಲ್ಕನೇ ವರ್ಷ ನಮ್ಮ ದೊಡ್ಡ ತಪ್ಪು ಹೊರಗೆ ಬಂತು. ಊರ ಹೊರಗೆ ಹೊಸ ಘಟಕವೊಂದು ಶುರುವಾಗಿ ಹೊರಗಿನಿಂದ ಕೆಲಸಗಾರರ ಕುಟುಂಬಗಳು ಬಂದವು. ಎಲ್ಲ ಎಳೆಯ ಸಂಸಾರಗಳು. 70ರ ಹತ್ತಿರ ಇರಬೇಕಿದ್ದ ಒಂದನೇ ತರಗತಿ ಒಮ್ಮೆಗೇ 95 ಆಯಿತು. ಎರಡು ವರ್ಷ ಗ್ರಂಥಾಲಯದಲ್ಲೂ ಪಾಠ ನಡೆಯಿತು. ಪೋಷಕರು ಬಂದು ಕೂಗಾಡಿದರು, ಅವರ ಸಿಟ್ಟು ನ್ಯಾಯವಾಗಿತ್ತು. ಎಂಜಿನಿಯರ್ ಎಳೆದ ಏರುವ ಗೆರೆಯನ್ನು ಅಳಿಸಿ ನಾವು ಇಳಿಯುವ ಗೆರೆ ಎಳೆದಿದ್ದೆವು, ಅದೂ ಒಂದೇ ಗೆರೆ. ಜನನ ಪುಸ್ತಕ ಹುಟ್ಟಿದವರನ್ನು ಹೇಳುತ್ತದೆ, ಬರುವವರನ್ನು ಹೋಗುವವರನ್ನು ಹೇಳುವುದಿಲ್ಲ. ಇಂಥ ತೀರ್ಮಾನ ಮಾಡುವವರು ಕನಿಷ್ಠ ಮೂರು ಗೆರೆ ಎಳೆಯಿರಿ: ಯಾರೂ ಬರದಿದ್ದರೆ, ಬಂದರೆ, ಇದ್ದವರೂ ಬಿಟ್ಟು ಹೋದರೆ. ಕಟ್ಟುವುದಾದರೆ ನಾಳೆ ಬೇರೆ ಕೆಲಸಕ್ಕೆ ಬಳಸಬಹುದಾದ್ದನ್ನು ಕಟ್ಟಿ.

ಹೀಗೆ ಬಳಸಬಹುದಾದ ಕಟ್ಟಡದ ಒಂದು ಭಾಗ ನಮ್ಮಲ್ಲಿತ್ತು. ದುರಸ್ತಿ ಮಾಡುವಾಗ ನೆಲಮಟ್ಟದ ಎರಡು ಕೊಠಡಿಗೆ ಮೆಟ್ಟಿಲು ತೆಗೆದು ಇಳಿಜಾರು ಹಾಕಿಸಿದ್ದೆವು. ಘಟಕದ ಮಕ್ಕಳ ನೂಕುನುಗ್ಗಲು ಇಳಿದ ಮೇಲೆ ಅದನ್ನು ವಯಸ್ಸಾದವರು ಹಗಲು ಬಂದು ಕೂರುವ ಜಾಗ ಮಾಡಿದೆವು. ಎಂಟು ಹೆತ್ತ ಆ ಅಜ್ಜಿಯೂ ಬರುತ್ತಾರೆ.

ಡೇ ಕೇರ್ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳಬೇಕು. ಅದರಿಂದ ಹುಟ್ಟುವ ಮಕ್ಕಳ ಸಂಖ್ಯೆ ಏರುತ್ತದೆ ಅಂತ ಕೆಲವರು ಆಸೆಪಟ್ಟಿದ್ದರು. ನಮಗೆ ಕಾಣುವಷ್ಟು ಏನೂ ಏರಲಿಲ್ಲ. ಆದರೆ ಅಲ್ಲಿಗೆ ಮಗು ಬಿಡುವ ತಾಯಂದಿರಲ್ಲಿ ಬಹುತೇಕ ಎಲ್ಲರೂ ಕೆಲಸ ಉಳಿಸಿಕೊಂಡಿದ್ದಾರೆ. ಹೊರಗಿನಿಂದ ಬಂದ ಕುಟುಂಬಗಳಲ್ಲಿ ಕೆಲವು, ಡೇ ಕೇರ್ ಇದೆ ಅಂತಲೇ ಇಲ್ಲಿ ನೆಲೆ ನಿಂತೆವು ಅಂದವು. ಆ ಒಂದು ಮತವನ್ನು ಮತ್ತೆ ಹಾಕು ಅಂದರೂ ಹಾಗೇ ಹಾಕುತ್ತೇನೆ.

ಮೊನ್ನೆ ಕಚೇರಿಗೆ ಹೋಗಿದ್ದೆ. ದಾಖಲಾತಿ ನೋಡುವ ಮೇಡಂ ಈಗ ಪುಸ್ತಕದ ಮೊದಲ ಪುಟದಲ್ಲೇ ಒಂದು ಪಟ್ಟಿ ಹಾಕಿಕೊಂಡಿದ್ದಾರೆ. ಎಡಗಡೆ ಆ ವರ್ಷ ಊರಲ್ಲಿ ಹುಟ್ಟಿದ ಮಕ್ಕಳು, ಈ ವರ್ಷದ್ದು 72. ಅದರ ಮುಂದೆ ಆರು ವರ್ಷದ ಮೇಲೆ ಎಷ್ಟು ಬೆಂಚು ಬೇಕು ಅಂತ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಬಲಗಡೆ ಹೊರಗಿನಿಂದ ಬಂದವರಿಗೆ ಒಂದು ಖಾನೆ, ಬಿಟ್ಟು ಹೋದವರಿಗೆ ಒಂದು ಖಾನೆ. ಅವೆರಡನ್ನೂ ಸದ್ಯಕ್ಕೆ ಖಾಲಿ ಬಿಟ್ಟಿದ್ದಾರೆ.